ಚಾರಣದ ಮುಂದಾಳಾಗುವುದು: ಮಧುಗಿರಿಯಲ್ಲಿ ಕಲಿತು ಉತ್ತರಕಾಶಿಗೆ ಹೋಗಿ

ಚಾರಣ ನಡೆಸುವುದನ್ನು ಕಲಿಯಬೇಕೆನ್ನುವ ತುಮಕೂರಿನ ಕಾಲೇಜು ವಿದ್ಯಾರ್ಥಿಗಳ ಕಣ್ಣು ಸಾಮಾನ್ಯವಾಗಿ ಹಿಮಾಲಯದ ಕೋರ್ಸುಗಳ ಮೇಲಿರುತ್ತದೆ. ಅವು ಬೇಕು, ಆದರೆ ಆಮೇಲೆ. ಹತ್ತು ಜನರನ್ನು ಹತ್ತಿಸಿ ಹತ್ತೂ ಜನರನ್ನು ಇಳಿಸಿ ತರುವುದು ಮೊದಲು ಊರ ಪಕ್ಕದ ಬೆಟ್ಟದಲ್ಲೇ ರೂಢಿಯಾಗಬೇಕು. ಎನ್‌ಸಿಸಿ ಅಥವಾ ಎನ್‌ಎಸ್‌ಎಸ್ ಮೂಲಕ ಹೋದರೆ ಕಾಲೇಜಿನ ಅನುಮತಿ ಸಲೀಸು. ಸ್ಕಂದಗಿರಿಗಾದರೆ ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ಮಾಡಿಸಿರಬೇಕು.

ಮೊದಲ ಪಾಠ ಸಮಯದ ಲೆಕ್ಕ. ಸ್ಕಾಟ್ಲೆಂಡಿನ ಪರ್ವತಾರೋಹಿ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ನಡೆಯುತ್ತದೆ: 5 ಕಿ.ಮೀ. ನಡಿಗೆಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. 3 ಕಿ.ಮೀ. ದಾರಿ, 300 ಮೀಟರ್ ಏರು ಎಂದರೆ 36 ಮತ್ತು 30, ಒಟ್ಟು 66 ನಿಮಿಷ. ಹೊಸಬರಿದ್ದರೆ ಅರ್ಧದಷ್ಟು ಸೇರಿಸಿ 100 ನಿಮಿಷ ಹಿಡಿಯಿರಿ. ಬೇಸಿಗೆಯಲ್ಲಿ ಬೆಳಿಗ್ಗೆ 6ಕ್ಕೆ ಹೊರಟು, ತುದಿ ಮುಟ್ಟಿರಲಿ ಬಿಡಲಿ, 8.30ಕ್ಕೆ ಹಿಂತಿರುಗಿ. ಹತ್ತರ ಮೇಲೆ ಬರಿಬಂಡೆ ಕಾದು ಕೆಳಗಿನಿಂದಲೂ ಸುಡುತ್ತದೆ. ಈ ಹೊತ್ತು, ದಾರಿ, ಹೆಸರುಗಳನ್ನು ಹಾಳೆಯಲ್ಲಿ ಬರೆದು ಊರಲ್ಲೇ ಇರುವ ಒಬ್ಬ ಮೇಷ್ಟರ ಕೈಲಿ ಕೊಡಿ.

ಮುಂದೊಬ್ಬ, ಎಲ್ಲರ ಹಿಂದೆ ಗಟ್ಟಿಗನೊಬ್ಬ. ನಡಿಗೆಯ ವೇಗ ನಿಧಾನದವರದ್ದು. ತಂಡ ಒಡೆಯುವುದು ಬಹುಪಾಲು ಇಳಿಯುವಾಗ: ಮುಗಿಯಿತೆಂದು ಮುಂದಿನವರು ಓಡುತ್ತಾರೆ, ಹಿಂದಿನವರು ದಾರಿ ತಪ್ಪುತ್ತಾರೆ. ಮಳೆ ಬಿದ್ದ ಬಂಡೆ ಜಾರುತ್ತದೆ. ಅಂದು ಮಧುಗಿರಿಯ ಮೇಲಿನ ಕಡಿದಾದ ಭಾಗ ಬೇಡ. ತಲೆಗೆ 3 ಲೀಟರ್ ನೀರು, ಒಆರ್‌ಎಸ್ ಪೊಟ್ಟಣ ಇರಲಿ. ಕೋಲಾರದ ಅಂತರಗಂಗೆಯ ಗವಿಗಳಿಗೆ ಹೆಡ್‌ಲ್ಯಾಂಪ್ ಬೇಕೇ ಬೇಕು, ಅಲ್ಲಿ ಎರಡೂ ಕೈ ಬಂಡೆಗೆ ಬೇಕಾಗುತ್ತವೆ.

ನಮ್ಮ ಬೆಟ್ಟಗಳಲ್ಲಿ ಹಲವರು ಲೆಕ್ಕಕ್ಕೇ ಇಡದ ಅಪಾಯ ಹೆಜ್ಜೇನು. ಬಂಡೆಯ ಅಡಿ ಕಪ್ಪು ಜೇನುಗೂಡು ಕಂಡರೆ ಮಾತು ನಿಲ್ಲಿಸಿ ದೂರದಿಂದ ಬಳಸಿಹೋಗಿ. ಹೊಗೆ, ಕಲ್ಲೆಸೆತ, ಸೆಂಟು ಕೂಡದು. ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಬೇಕು, ಆದರೆ ಬಂಡೆಯಂಚಿನ ಕಡೆಗಲ್ಲ. ಮುಳ್ಳನ್ನು ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ. ತುಟಿ ಊದಿ ಉಸಿರು ಕಟ್ಟಿದರೆ 108ಕ್ಕೆ ಕರೆಮಾಡಿ, ಕಾಯುತ್ತ ಕೂರಬೇಡಿ, ಇಳಿಸಲು ಶುರುಮಾಡಿ.

ಇದೆಲ್ಲ ಕೈಗೆ ಹತ್ತಿದ ಮೇಲೆ ಡಾರ್ಜಿಲಿಂಗ್‌ನ (1954ರಲ್ಲಿ ಆರಂಭ) ಅಥವಾ ಉತ್ತರಕಾಶಿಯ (1965ರಲ್ಲಿ ಆರಂಭ) ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್, ಸುಮಾರು ನಾಲ್ಕು ವಾರ. ಅದರಲ್ಲಿ ‘ಎ’ ಗ್ರೇಡ್ ಬಂದರೆ ಅಡ್ವಾನ್ಸ್ಡ್, ಅದಾದ ಮೇಲೆ ಕಲಿಸುವುದನ್ನೇ ಕಲಿಸುವ ಕೋರ್ಸ್. ಸೀಟು ಬೇಗ ತುಂಬುವುದರಿಂದ ತಿಂಗಳುಗಟ್ಟಲೆ ಮೊದಲೇ ಅರ್ಜಿ ಹಾಕಿ, ಅಲ್ಲಿಯವರೆಗೆ 10 ಕಿಲೋ ಚೀಲ ಹೊತ್ತು ದೇವರಾಯನದುರ್ಗ ಹತ್ತುತ್ತಿರಿ.