ಎಲೆಕ್ಟ್ರಿಷಿಯನ್ ಆಗಬೇಕೆ? ಎಸ್ಸೆಸ್ಸೆಲ್ಸಿಯಿಂದ ಪರ್ಮಿಟ್‌ವರೆಗಿನ ದಾರಿ ಹೀಗಿದೆ

ಎಸ್ಸೆಸ್ಸೆಲ್ಸಿ ಮುಗಿಯುತ್ತಿದ್ದಂತೆ ಗದಗ, ಹಾವೇರಿ ಕಡೆಯ ಎಷ್ಟೋ ಹುಡುಗರು ಊರಿನ ವೈರಿಂಗ್ ಮೇಸ್ತ್ರಿಯ ಹಿಂದೆ ಹೆಲ್ಪರ್ ಆಗಿ ಹೋಗಿಬಿಡುತ್ತಾರೆ. ಕೈ ಪಳಗುತ್ತದೆ, ನಿಜ. ಆದರೆ ಈ ಪಾಯಿಂಟ್‌ಗೆ ಇಷ್ಟೇ ದಪ್ಪದ ವೈರ್ ಯಾಕೆ ಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ಕರೆಂಟಿನ ಕೆಲಸದಲ್ಲಿ ಅದು ಗೊತ್ತಿಲ್ಲದಿದ್ದರೆ ಜೀವಕ್ಕೇ ಕುತ್ತು. ಮೇಸ್ತ್ರಿಯ ಜೊತೆ ರಜೆಯಲ್ಲಿ ಖಂಡಿತ ಹೋಗಿ, ಆದರೆ ಮೊದಲು ಐಟಿಐ ಸೇರಿ.

ಹೆಜ್ಜೆ 1: ಸೀಟು

ಎಲೆಕ್ಟ್ರಿಷಿಯನ್ ಟ್ರೇಡ್ 2 ವರ್ಷದ್ದು. ಗಣಿತ, ವಿಜ್ಞಾನ ಓದಿ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಎಂಟನೇ ತರಗತಿ ಪಾಸಾದವರಿಗೆ ವೈರ್‌ಮನ್ ಟ್ರೇಡ್ ಇದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ಎಲ್ಲ ಕಡೆ ಸರಕಾರಿ ಐಟಿಐ ಇವೆ, ಶುಲ್ಕವೂ ಕಡಿಮೆ. ಖಾಸಗಿ ಐಟಿಐ ಆದರೆ ಕಟ್ಟಡ ನೋಡಿ ಮರುಳಾಗಬೇಡಿ. ಕೇಂದ್ರ ಸರಕಾರದ ಮಾನ್ಯತೆ (ಡಿಜಿಟಿ, ಹಿಂದೆ ಎನ್‌ಸಿವಿಟಿ) ಇದೆಯಾ ಕೇಳಿ. ವರ್ಕ್‌ಶಾಪ್‌ಗೆ ಹೋಗಿ, ಹುಡುಗರ ಕೈಗೆ ಮೋಟರ್ ಬಿಚ್ಚಲು ಕೊಡುತ್ತಾರಾ ನೋಡಿ. ಹೆಣ್ಣುಮಕ್ಕಳೂ ಧೈರ್ಯವಾಗಿ ಅರ್ಜಿ ಹಾಕಿ, ಪ್ಯಾನೆಲ್ ವೈರಿಂಗ್‌ಗೆ ಬೇಕಾದ ತಾಳ್ಮೆ, ಅಚ್ಚುಕಟ್ಟು ಯಾರಿಗಾದರೂ ಬರುತ್ತದೆ.

ಹೆಜ್ಜೆ 2: ಎರಡು ವರ್ಷದಲ್ಲಿ ಕಲಿಯಬೇಕಾದ್ದು

ಲೈಟಿಗೆ 1.5 ಚದರ ಮಿ.ಮೀ. ವೈರ್, ಪವರ್ ಪ್ಲಗ್‌ಗೆ 2.5, ಎಸಿಗೆ 4. ಇದನ್ನು ಬಾಯಿಪಾಠ ಮಾಡಿದರೆ ಸಾಲದು. ತೆಳ್ಳನೆಯ ವೈರಿನಲ್ಲಿ ಜಾಸ್ತಿ ಕರೆಂಟ್ ಹರಿದರೆ ಅದು ಬಿಸಿಯಾಗುತ್ತದೆ, ಇನ್ಸುಲೇಷನ್ ಕರಗುತ್ತದೆ, ಬೆಂಕಿ ಹತ್ತುತ್ತದೆ. ಅದನ್ನು ತಡೆಯಲು, ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಇದೆ. ಆದರೆ ಎಂಸಿಬಿ ಕಾಪಾಡುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರ್ ಎಂಸಿಬಿಯ ಮಿತಿಯ ನೂರನೇ ಒಂದು ಭಾಗ ಕರೆಂಟ್ ಮೈಯಲ್ಲಿ ಹರಿದರೂ ಪ್ರಾಣ ಹೋಗಬಹುದು, ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ. ಅದಕ್ಕೇ, ಅಷ್ಟು ಕಡಿಮೆ ಕರೆಂಟ್ ಸೋರಿದರೂ ತಾನೇ ಆಫ್ ಆಗುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಸ್ವಿಚ್ ಬೇಕು. ಮನೆಯವರು ಖರ್ಚು ಎಂದು ಬೇಡ ಅಂದರೂ ಬಿಡಿಸಿ ಹೇಳಿ ಹಾಕಿಸಿ.

ಕೆಲಸಕ್ಕೆ ಕೈಹಾಕುವ ಮೊದಲು ಪ್ರತಿ ಸಲ ಹೀಗೆ ಮಾಡಿ. ಮೇನ್ ಆಫ್ ಮಾಡಿ, ಯಾರೂ ಆನ್ ಮಾಡದಂತೆ ಬೋರ್ಡಿಗೆ ಬೀಗ ಹಾಕಿ ಅಥವಾ ಚೀಟಿ ಅಂಟಿಸಿ. ಮಲ್ಟಿಮೀಟರ್ ಅನ್ನು ಕರೆಂಟ್ ಇರುವ ಬೇರೆ ಕಡೆ ಹಿಡಿದು 230 ವೋಲ್ಟ್ ಹತ್ತಿರ ತೋರಿಸುತ್ತಿದೆಯಾ ನೋಡಿ. ಆಮೇಲೆ ನೀವು ಮುಟ್ಟಬೇಕಾದ ಜಾಗ ನೋಡಿ. ಕೊನೆಗೆ ಮತ್ತೆ ಕರೆಂಟ್ ಇರುವ ಜಾಗದಲ್ಲಿ ಹಿಡಿಯಿರಿ. ನಡುವೆ ಮೀಟರೇ ಕೆಟ್ಟಿದ್ದರೆ ಇದರಲ್ಲಿ ತಿಳಿಯುತ್ತದೆ. ಬರೀ ಟೆಸ್ಟರ್ ನಂಬಿ ಬರಿಗೈ ಹಾಕಬೇಡಿ.

ನಮ್ಮ ಎರೆ ಭೂಮಿಯಲ್ಲಿ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ಗುಂಡಿಯಲ್ಲಿ ಹೂತ ಪೈಪಿನ ಮೂಲಕ ನೆಲಕ್ಕೆ ಇಳಿಸುವುದು, ಕೂಡ ಬೇರೆಯೇ ಪಾಠ. ಮಳೆಗಾಲದಲ್ಲಿ ಹಸಿ ಎರೆಯಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ. ಬೇಸಿಗೆಯಲ್ಲಿ ಅದೇ ನೆಲ ಬಿರಿದು ಪೈಪಿನಿಂದ ಮಣ್ಣು ದೂರ ಸರಿಯುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ನವಲಗುಂದ, ರೋಣದ ಕಡೆ ಕೆಲಸ ಮಾಡುವವರು ಏಪ್ರಿಲ್‌ನಲ್ಲಿ ಅರ್ಥ್ ಟೆಸ್ಟರ್ ಹಿಡಿದು ಅಳೆಯಲೇಬೇಕು, ಗುಂಡಿಗೆ ನೀರು ಹಾಕಲು ಮನೆಯವರಿಗೆ ಹೇಳಲೇಬೇಕು.

ಹೆಜ್ಜೆ 3: ಅಪ್ರೆಂಟಿಸ್

ಐಟಿಐ ಮುಗಿದ ಮೇಲೆ 1 ವರ್ಷ ಅಪ್ರೆಂಟಿಸ್ ಮಾಡಿ. ಸ್ಟೈಪೆಂಡ್ ಸಿಗುತ್ತದೆ, ಕೊನೆಗೆ ಪರೀಕ್ಷೆ ಬರೆದರೆ ರಾಷ್ಟ್ರಮಟ್ಟದ ಪ್ರಮಾಣಪತ್ರ. ಕೇಂದ್ರದ ಅಪ್ರೆಂಟಿಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್‌ನ ಪ್ರಕಟಣೆ ಬಂದಾಗ ತಪ್ಪಿಸಿಕೊಳ್ಳಬೇಡಿ. ತಾರಿಹಾಳ, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲೂ ವಿಚಾರಿಸಿ.

ಹೆಜ್ಜೆ 4: ಪರ್ಮಿಟ್

ಇದನ್ನೇ ಜಾಸ್ತಿ ಜನ ಮರೆಯುವುದು. ರಾಜ್ಯದ ವಿದ್ಯುತ್ ಪರಿವೀಕ್ಷಣಾಲಯದಿಂದ ವೈರ್‌ಮನ್ ಪರ್ಮಿಟ್ ಪಡೆಯಬೇಕು. ಅನುಭವ ಬಂದ ಮೇಲೆ ಸೂಪರ್‌ವೈಸರ್ ಪರ್ಮಿಟ್, ಗುತ್ತಿಗೆದಾರರ ಲೈಸೆನ್ಸ್. ಹೊಸ ಮನೆಗೆ ಹೆಸ್ಕಾಂ ಸಂಪರ್ಕ ಬೇಕೆಂದರೆ ಲೈಸೆನ್ಸ್ ಇರುವ ಗುತ್ತಿಗೆದಾರರ ವರದಿ ಬೇಕು. ಆ ಸಹಿ ನಿಮ್ಮದಾದರೆ ಸಂಪಾದನೆಯ ದಾರಿಯೇ ಬೇರೆ.

ಹೆಸ್ಕಾಂನಲ್ಲಿ ಪವರ್‌ಮ್ಯಾನ್ ಆಗುವ ಆಸೆಯೇ? ಅದಕ್ಕೆ ಎಸ್ಸೆಸ್ಸೆಲ್ಸಿ ಅಂಕ ಮುಖ್ಯ, ಜೊತೆಗೆ ಕಂಬ ಹತ್ತುವ ಪರೀಕ್ಷೆ. ಹತ್ತನೇ ತರಗತಿಯಲ್ಲಿರುವವರು ಈಗಲೇ ಗಮನ ಕೊಡಿ.

ಸ್ವಂತ ಕೆಲಸ ಮಾಡುವವರು ಮನೆ ವೈರಿಂಗ್‌ಗೆ ನಿಲ್ಲದೆ ಪಂಪ್‌ಸೆಟ್ ಕಲಿಯಿರಿ. ರಾಣೆಬೆನ್ನೂರು, ಶಿರಹಟ್ಟಿ ಕಡೆಯ ರೈತರ ಮೋಟರ್ ಮೂರು ಫೇಸಿನಲ್ಲಿ ಒಂದು ಹೋದರೂ ಸುಟ್ಟುಹೋಗಬಹುದು. ರಿವೈಂಡಿಂಗ್ (ಸುಟ್ಟ ಮೋಟರಿಗೆ ಹೊಸದಾಗಿ ತಂತಿ ಸುತ್ತುವುದು) ಬಲ್ಲವರಿಗೆ ಬೇಸಿಗೆಯಿಡೀ ಕೆಲಸ. ಸ್ಟಾರ್ಟರ್‌ನಲ್ಲಿ ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಹಾಕಿಕೊಟ್ಟು, ಮೋಟರ್ ಸುಡದಂತೆ ನೋಡಿಕೊಳ್ಳುವವರನ್ನು ರೈತರು ಹುಡುಕಿಕೊಂಡು ಬರುತ್ತಾರೆ.