ಅರಮನೆಯ ಮೇಲೆ ಹಸಿರು ಚುಕ್ಕಿ: ಫೋಟೊದಿಂದ ಲೆನ್ಸ್ ಫ್ಲೇರ್ ತೆಗೆಯುವುದು ಹೇಗೆ?

ಭಾನುವಾರ ಸಂಜೆ ಮೈಸೂರು ಅರಮನೆಯ ದೀಪ ಹೊತ್ತಿಕೊಂಡ ಕೂಡಲೇ ಎದುರಿಗೆ ನಿಂತವರ ಮೊಬೈಲುಗಳೆಲ್ಲ ಮೇಲೇಳುತ್ತವೆ. ಆಮೇಲೆ ಫೋಟೊ ನೋಡಿದರೆ ಕಪ್ಪು ಆಕಾಶದಲ್ಲಿ ಮಸುಕಾದ ಹಸಿರು ಚುಕ್ಕಿಗಳು. ಗಮನವಿಟ್ಟು ನೋಡಿ, ಅವು ಎಷ್ಟೋ ಸಲ ಅರಮನೆಯ ದೀಪಗಳದ್ದೇ ತಲೆಕೆಳಗಾದ ಪಡಿಯಚ್ಚು. ಇದೇ ಲೆನ್ಸ್ ಫ್ಲೇರ್.

ಲೆನ್ಸ್ ಅಂದರೆ ಒಂದೇ ಗಾಜಲ್ಲ, ಹಲವು ತುಂಡುಗಳ ಸಾಲು. ಲೇಪನವಿಲ್ಲದ ಗಾಜಿನ ಒಂದೊಂದು ಮೈಯೂ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇ 4ರಷ್ಟನ್ನು ವಾಪಸ್ ಕಳಿಸುತ್ತದೆ. ಒಳ್ಳೆಯ ಲೇಪನ ಇದ್ದರೆ ಇದು ಶೇ 1ಕ್ಕಿಂತ ಕೆಳಗಿಳಿಯುತ್ತದೆ, ಆದರೆ ಪೂರ್ತಿ ನಿಲ್ಲುವುದಿಲ್ಲ. ಆ ಚೂರುಪಾರು ಬೆಳಕು ಒಳಗೊಳಗೇ ಪುಟಿದು, ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಬೀಳುತ್ತದೆ.

ತೆಗೆಯಲು ಇಲ್ಲಿ ಕಂಪ್ಯೂಟರಿನಲ್ಲಿ ಫೋಟೊ ತಿದ್ದುವ ಗಿಂಪ್ ಎಂಬ ತಂತ್ರಾಂಶ ಬಳಸೋಣ, ಅದು ಉಚಿತ. ಫೋಟೊಶಾಪ್‌ನಲ್ಲೂ ಕ್ರಮ ಹೆಚ್ಚುಕಡಿಮೆ ಇದೇ.

ಮೊದಲು ಕಲೆ ಯಾವುದು ಎಂದು ಗುರುತಿಸಿಕೊಳ್ಳಿ. ಬಲ್ಬಿನಿಂದ ಚಿತ್ರದ ನಡುಮಧ್ಯಕ್ಕೆ ಒಂದು ಗೆರೆ ಎಳೆದಂತೆ ಊಹಿಸಿ, ಅದನ್ನೇ ಆಚೆಗೆ ಮುಂದುವರಿಸಿ. ಮೊಬೈಲ್ ಫೋಟೊದಲ್ಲಿ ಸಾಮಾನ್ಯವಾಗಿ ಅಷ್ಟೇ ದೂರದಲ್ಲಿ ಚುಕ್ಕಿ ಸಿಗುತ್ತದೆ. ಸಿಗದಿದ್ದರೆ ಅದು ನಿಜವಾದ ದೀಪವೇ ಇರಬಹುದು, ಸುಮ್ನೆ ಅಳಿಸಬೇಡಿ.

ಕಂಟ್ರೋಲ್, ಶಿಫ್ಟ್, ಡಿ ಒಟ್ಟಿಗೆ ಒತ್ತಿ ಲೇಯರಿನ, ಅಂದರೆ ಚಿತ್ರದ ಪದರದ, ನಕಲು ಮಾಡಿಕೊಳ್ಳಿ. ಮೂಲ ಚಿತ್ರ ಕೆಳಗೆ ಭದ್ರವಾಗಿರುತ್ತದೆ.

ಬರೀ ಆಕಾಶದಲ್ಲಿರುವ ಚುಕ್ಕಿ ಸುಲಭದ ತುತ್ತು. ಎಚ್ ಒತ್ತಿದರೆ, ಕಲೆಯನ್ನು ಸುತ್ತಲಿನದರ ಜೊತೆ ಬೆರೆಸಿ ಮುಚ್ಚುವ ಹೀಲ್ ಟೂಲ್ ಬರುತ್ತದೆ. ಬ್ರಷ್ ಚುಕ್ಕಿಗಿಂತ ತುಸು ದೊಡ್ಡದಿರಲಿ. ಕಂಟ್ರೋಲ್ ಹಿಡಿದು ಪಕ್ಕದ ಸ್ವಚ್ಛ ಆಕಾಶದ ಮೇಲೆ ಕ್ಲಿಕ್ ಮಾಡಿ, ನಂತರ ಚುಕ್ಕಿಯ ಮೇಲೆ ಕ್ಲಿಕ್ ಮಾಡಿ. ಗೋಪುರದ ಅಂಚಿಗೆ ಅಂಟಿಕೊಂಡ ಚುಕ್ಕಿಗೆ ಮಾತ್ರ ಹೀಲ್ ಬೇಡ. ಅದು ಸುತ್ತಲಿನ ಬೆಳಕನ್ನೂ ಕಲಸಿ ಕೊಳಕು ಮಾಡುತ್ತದೆ. ಅಲ್ಲಿ ಸಿ ಒತ್ತಿ, ಒಂದು ಕಡೆಯದನ್ನು ಇದ್ದ ಹಾಗೇ ಇನ್ನೊಂದು ಕಡೆ ನಕಲಿಸುವ ಕ್ಲೋನ್ ಟೂಲ್ ಹಿಡಿಯಿರಿ.

ನಿಜವಾದ ಕೆಲಸ ಇರುವುದು ಕಲೆ ಕಮಾನಿನ ಮೇಲೋ ಯಾರದೋ ಮುಖದ ಮೇಲೋ ಬಿದ್ದಾಗ. ಹೆಚ್ಚಿನವರು ಇಲ್ಲಿಯೂ ನೇರವಾಗಿ ಕ್ಲೋನ್ ಮಾಡಿ ಕೆತ್ತನೆಯನ್ನೇ ಅಳಿಸಿಬಿಡುತ್ತಾರೆ. ಅದರ ಅಗತ್ಯವೇ ಇಲ್ಲ. ಫ್ಲೇರ್ ತೆಳುವಾಗಿದ್ದರೆ ವಿವರ ಅದರ ಕೆಳಗೆ ಹಾಗೇ ಇರುತ್ತದೆ, ಕೆಟ್ಟಿರುವುದು ಬಣ್ಣ ಮತ್ತು ಬೆಳಕು. ಕ್ಲೋನ್ ಟೂಲಿನ ಮೋಡ್ ಅನ್ನು ಎಚ್‌ಎಸ್‌ಎಲ್ ಕಲರ್‌ಗೆ ಬದಲಿಸಿ. ಪಕ್ಕದ ಕಲ್ಲಿನಿಂದಲೋ ಚರ್ಮದಿಂದಲೋ ಬಣ್ಣ ಎತ್ತಿ ಕಲೆಯ ಮೇಲೆ ಬಳಿಯಿರಿ. ಬಣ್ಣ ಮಾತ್ರ ಬದಲಾಗುತ್ತದೆ, ಕೆತ್ತನೆ ಉಳಿಯುತ್ತದೆ. ಆಮೇಲೆ ಎಫ್ ಒತ್ತಿ ಫ್ರೀ ಸೆಲೆಕ್ಟ್ ಟೂಲಿನಿಂದ ಕಲೆಯ ಸುತ್ತ ಗೆರೆ ಹಾಕಿ ಅದನ್ನು ಆಯ್ಕೆ ಮಾಡಿ, ಆಯ್ಕೆಯ ಅಂಚನ್ನು ಫೆದರ್ ಮಾಡಿ ಮೆದುವಾಗಿಸಿ. ಬೆಳಕು ಹೆಚ್ಚುಕಡಿಮೆ ಮಾಡುವ ಕರ್ವ್ಸ್ ತೆರೆದು ಅದರಲ್ಲಿನ ಗೆರೆಯನ್ನು ಸ್ವಲ್ಪವೇ ಕೆಳಗೆಳೆದು ಬೆಳಕು ತಗ್ಗಿಸಿ. ಜಾಸ್ತಿ ಎಳೆದರೆ ಅಲ್ಲೊಂದು ಕಪ್ಪು ಮಚ್ಚೆ ಕೂರುತ್ತದೆ.

ಕಲೆ ಪೂರ್ತಿ ಬಿಳಿಯಾಗಿದ್ದರೆ, ಅಂದರೆ ಕೆಂಪು, ಹಸಿರು, ನೀಲಿ ಮೂರೂ 255 ಮುಟ್ಟಿದ್ದರೆ, ಅಲ್ಲಿ ವಿವರವೇ ಉಳಿದಿಲ್ಲ. ಆಗ ಬೇರೆಡೆಯಿಂದ ತಂದು ತುಂಬಬೇಕು. ಫೋಟೊಶಾಪ್‌ನ ಕಂಟೆಂಟ್ ಅವೇರ್ ಫಿಲ್, ಮೊಬೈಲಿನ ಮ್ಯಾಜಿಕ್ ಇರೇಸರ್ ಮಾಡುವುದೂ ತುಂಬುವ ಕೆಲಸವೇ. ಆಕಾಶಕ್ಕೆ ಅವು ಸಾಕು. ಕೆತ್ತನೆಯ ಮೇಲೆ ಬಿಟ್ಟರೆ ಇಲ್ಲದ ಕಂಬ ಹುಟ್ಟಿಸಿದರೂ ಆಶ್ಚರ್ಯವಿಲ್ಲ!

ಚುಕ್ಕಿಯ ಬದಲು ಚಿತ್ರದ ಒಂದು ಬದಿಯೇ ಮಂಜು ಕವಿದಂತೆ ಪೇಲವವಾಗಿದ್ದರೆ, ಕಪ್ಪು-ಬಿಳುಪಿನ ಮಟ್ಟ ತಿದ್ದುವ ಲೆವೆಲ್ಸ್‌ನ ಕಪ್ಪು ಗುಂಡಿಯನ್ನು ಬಲಕ್ಕೆ ಸರಿಸಿ. ಲೇಯರಿನ ಯಾವ ಭಾಗ ಕಾಣಬೇಕು ಎಂದು ನಿರ್ಧರಿಸುವ ಲೇಯರ್ ಮಾಸ್ಕ್ ಮೇಲೆ, ಕಪ್ಪಿನಿಂದ ಬಿಳಿಗೆ ಮೆಲ್ಲನೆ ತಿರುಗುವ ಗ್ರೇಡಿಯಂಟ್ ಎಳೆದರೆ ಪರಿಣಾಮ ಆ ಬದಿಗಷ್ಟೇ ಸೀಮಿತವಾಗುತ್ತದೆ.

ಕೊನೆಗೆ ಶೇ 100ಕ್ಕೆ ಹಿಗ್ಗಿಸಿ ನೋಡಿ. ರಾತ್ರಿ ಫೋಟೊದಲ್ಲಿ ಸಣ್ಣ ಕಾಳುಕಾಳು ಇದ್ದೇ ಇರುತ್ತದೆ ಅಲ್ವಾ? ತಿದ್ದಿದ ಜಾಗ ಮಾತ್ರ ನುಣ್ಣಗಿದ್ದರೆ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿಗೆ ನಾಯ್ಸ್ ಫಿಲ್ಟರಿನಿಂದ ಸ್ವಲ್ಪ ಕಾಳು ಸೇರಿಸಿ.

ಈ ಪಾಡು ತಪ್ಪಿಸಬೇಕೆಂದರೆ ಲೆನ್ಸ್ ಒರೆಸಿ, ಕ್ಯಾಮೆರಾ ಲೆನ್ಸಿನ ಮುಂದೆ ಯುವಿ ಫಿಲ್ಟರ್ ಎಂಬ ಗಾಜು ಹಾಕಿದ್ದರೆ ಅದನ್ನು ಬಿಚ್ಚಿ. ಜೊತೆಗೆ, ಒಂದು ಫೋಟೊ ತೆಗೆದ ಮೇಲೆ ನಿಂತಲ್ಲೇ ಫೋನನ್ನು ಕೊಂಚ ಓರೆ ಮಾಡಿ ಇನ್ನೊಂದು ತೆಗೆಯಿರಿ. ಅರಮನೆಗೆ ಹೋಲಿಸಿದರೆ ಚುಕ್ಕಿಗಳ ಜಾಗ ಬದಲಾಗಿರುತ್ತದೆ. ಗಿಂಪ್‌ನಲ್ಲಿ ಎರಡನ್ನೂ ಒಂದರ ಮೇಲೊಂದು ಹೊಂದಿಸಿ, ಮೇಲಿನ ಚಿತ್ರಕ್ಕೆ ಮಾಸ್ಕ್ ಹಾಕಿ ಚುಕ್ಕಿ ಇದ್ದ ಕಡೆ ಕಪ್ಪು ಬಳಿದರೆ, ಕೆಳಗಿನ ಚಿತ್ರದ ಅಸಲಿ ಕೆತ್ತನೆಯೇ ಅಲ್ಲಿ ಕಾಣುತ್ತದೆ.