ಉಣ್ಣಿ ನಾಯಿ ಮೈಮೇಲಿಗಿಂತ ಗೋಡೆಯಲ್ಲೇ ಜಾಸ್ತಿ

ಧಾರವಾಡದ ಮಾಳಮಡ್ಡಿ ಕಡೆ ನಮ್ಮದು ಹಳೇ ಕಲ್ಲಿನ ಮನೆ. ಅಲ್ಲಲ್ಲಿ ಗಾರೆ ಉದುರಿ ಗೋಡೆಯಲ್ಲಿ ಸಂದು ಬಿದ್ದಿದೆ. ಮನೆಯಲ್ಲಿ ಎರಡು ನಾಯಿ. ಬಿಜಲಿ ಮುಧೋಳ ತಳಿಯವಳು. ಕರಿಯ ಬೀದಿಯಿಂದ ತಾನಾಗಿಯೇ ಬಂದು ಸೇರಿಕೊಂಡವನು. ನಾನು ಡಾಕ್ಟರ್ ಅಲ್ಲ, ನಾಯಿ ಸಾಕಿ ಸಾಕಿ ಕಲಿತವನು. ನಮ್ಮ ಕಡೆ ನಾಯಿಗೆ ಯಾವುದರಿಂದ ಅಪಾಯ ಜಾಸ್ತಿ ಅಂತ ಯಾರಾದರೂ ಕೇಳಿದರೆ ಹಾವೂ ಅಲ್ಲ, ಲಾರಿಯೂ ಅಲ್ಲ, ಉಣ್ಣಿ ಅಂತಲೇ ಹೇಳುತ್ತೇನೆ.

ಇದನ್ನು ನನ್ನ ತಲೆಗೆ ಹಾಕಿದ್ದು ನಮ್ಮ ಪಶುವೈದ್ಯರು. "ನಾಯಿ ಮ್ಯಾಲ ಕಾಣೂದು ಸ್ವಲ್ಪ ರೀ. ಉಳದದ್ದೆಲ್ಲಾ ನಿಮ್ಮ ಗ್ವಾಡ್ಯಾಗ ಕುಂತಿರತೈತಿ" ಅಂದರು. ಹೊಟ್ಟೆ ತುಂಬ ರಕ್ತ ಕುಡಿದ ಹೆಣ್ಣು ಉಣ್ಣಿ ನಾಯಿ ಮೈಯಿಂದ ಕಳಚಿ ಬೀಳುತ್ತದೆ. ಗೋಡೆ ಹತ್ತಿ ಯಾವುದಾದರೂ ಸಂದಿಯಲ್ಲಿ ಸೇರಿಕೊಂಡು ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತದೆ. ಮೊಟ್ಟೆ ಒಡೆದು ಬಂದ ಉಣ್ಣಿಮರಿ ನಾಯಿಯ ಮೈ ಹತ್ತುತ್ತದೆ, ರಕ್ತ ಕುಡಿದು ಇಳಿಯುತ್ತದೆ, ಪೊರೆ ಬಿಟ್ಟು ದೊಡ್ಡದಾಗಿ ಮತ್ತೆ ಹತ್ತುತ್ತದೆ. ಹೀಗೆ ಹುಟ್ಟಿನಿಂದ ಸಾಯೋವರೆಗೆ ಮೂರು ಸಲ ಹತ್ತಿ ಇಳಿಯುವ ಜೀವ ಅದು. ಮಧ್ಯೆ ಊಟ ಸಿಗದಿದ್ದರೂ ತಿಂಗಳುಗಟ್ಟಲೆ ಸಂದಿಯಲ್ಲೇ ಕಾಯುತ್ತದೆ. ಬರೀ ನಾಯಿ ಮೈ ತೊಳೆದರೆ ಏನು ಬಂತು ಹೇಳಿ?

ಹಾಗಾಗಿ ನಾನು ಕೆಲಸ ಶುರು ಮಾಡಿದ್ದೇ ಗೋಡೆಯಿಂದ. ನಾಯಿಗಳು ಮಲಗುವ ಪಡಸಾಲೆಯ ಸಂದುಗಳಿಗೆ ಸಿಮೆಂಟು ತುಂಬಿಸಿದೆ. ಗೋಣಿಚೀಲ ಹಾಸುವುದನ್ನು ಬಿಟ್ಟೆ. ಕೌದಿಯನ್ನೂ ತೆಗೆದೆ. ಅವ್ವನಿಗೆ ಅದು ಸರಿಬರಲಿಲ್ಲ, "ಪಾಪ, ಥಂಡಿ ಹತ್ತತೈತಿ" ಅಂತ ಗೊಣಗಿದಳು. ಆದರೆ ಕೌದಿಯ ಒಂದೊಂದು ಹೊಲಿಗೆಯೂ ಉಣ್ಣಿಗೆ ಒಂದೊಂದು ಮನೆ. ಈಗ ಹಾಸುವುದು ಬರೀ ಹಳೇ ಚಾದರ. ನಳ ಬಂದ ದಿನ ಅದನ್ನು ಕುದಿಯುವ ನೀರಿನಲ್ಲಿ ನೆನೆಸಿ ಒಗೆದು ಬಿಸಿಲಿಗೆ ಹಾಕುತ್ತೇವೆ. ನಮ್ಮ ಊರಲ್ಲಿ ನಳ ದಿನಾ ಬರುವುದಿಲ್ಲ, ಅದೊಂದು ಬೇರೆಯೇ ಕಥೆ.

ಗೋಡೆಗೆ ಹೊಡೆಯುವ ಔಷಧವನ್ನು ಡಾಕ್ಟರ್ ಹೇಳಿದ ಅಳತೆಯಲ್ಲೇ ನೀರಿಗೆ ಬೆರೆಸುತ್ತೇನೆ. ಮೂಲೆ, ಬಾಗಿಲ ಚೌಕಟ್ಟಿನ ಹಿಂದೆ, ಮೇಲೆ ತೊಲೆ ಕೂಡುವ ಜಾಗ, ಎಲ್ಲ ಕಡೆ ಹೊಡೆಯಬೇಕು. ಉಣ್ಣಿ ಮೇಲಕ್ಕೇ ಹತ್ತುವುದು ಜಾಸ್ತಿ. ನೆಲ, ಗೋಡೆ ಪೂರ್ತಿ ಒಣಗುವವರೆಗೆ ನಾಯಿಗಳು ಹೊರಗೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಮೊಟ್ಟೆಗಳು ಉಳಿದಿರುತ್ತವೆ. ಕೆಲವು ವಾರ ಬಿಟ್ಟು ಮತ್ತೆ ಹೊಡೆಯಬೇಕು. ಮನೆಯಲ್ಲಿ ಬೆಕ್ಕಿದ್ದರೆ ಡಾಕ್ಟರಿಗೆ ಅದನ್ನು ಮೊದಲೇ ಹೇಳಿ. ನಾಯಿಗೆ ಹಾಕುವ ಕೆಲವು ಉಣ್ಣಿ ಔಷಧ ಬೆಕ್ಕಿನ ಜೀವಕ್ಕೇ ಕುತ್ತು.

ನಾಯಿಗೆ ಈಗ ತಿನ್ನಿಸುವ ಮಾತ್ರೆಗಳು ಬಂದಿವೆ. ಒಂದು ಜಾತಿಯದನ್ನು ತಿಂಗಳಿಗೊಮ್ಮೆ ಕೊಡಬೇಕು, ಇನ್ನೊಂದು 12 ವಾರ ಕೆಲಸ ಮಾಡುತ್ತದೆ. ತುಟ್ಟಿ, ಸುಳ್ಳು ಹೇಳಲ್ಲ. ಆದರೆ ಜ್ವರ ಬಂದ ಮೇಲೆ ಆಗುವ ಖರ್ಚಿನ ಮುಂದೆ ಏನೂ ಅಲ್ಲ. ತೂಕ ನೋಡಿಯೇ ಕೊಡಬೇಕು, ಮತ್ತೆ ನಾಯಿಗೆ ಫಿಟ್ಸ್ ಬಂದದ್ದಿದ್ದರೆ ಮೊದಲೇ ಹೇಳಬೇಕು. ಚಿಮಣಿ ಎಣ್ಣೆ ಹಚ್ಚುವವರನ್ನು ಈಗಲೂ ನೋಡುತ್ತೇನೆ. ಚರ್ಮ ಸುಡುತ್ತದೆ, ನಾಯಿ ಅದನ್ನೇ ನೆಕ್ಕಿ ಹೊಟ್ಟೆಗೂ ಸೇರಿಸಿಕೊಳ್ಳುತ್ತದೆ. ದನಕ್ಕೆ ತಂದ ಔಷಧವನ್ನು ಅಂದಾಜಿನ ಮೇಲೆ ನಾಯಿಗೆ ಸುರಿಯುವುದೂ ಅಷ್ಟೇ ಅಪಾಯ.

ಇಷ್ಟಾದ ಮೇಲೂ ಸಂಜೆ ಕೈಯಾಡಿಸುವುದು ತಪ್ಪಿಸುವುದಿಲ್ಲ. ಚಹಾ ಕುಡಿಯುತ್ತಾ ಕಟ್ಟೆ ಮೇಲೆ ಕೂತರೆ ಬಿಜಲಿ ತಾನೇ ಬಂದು ತೊಡೆಗೆ ತಲೆ ಇಡುತ್ತಾಳೆ. ಮೊದಲು ಕಿವಿ ಮಡಚಿ ಒಳಗೆ ನೋಡುತ್ತೇನೆ. ಆಮೇಲೆ ಕೊರಳ ಪಟ್ಟಿಯ ಕೆಳಗೆ, ಕಂಕುಳು, ಬಾಲದ ಬುಡ. ಕೊನೆಗೆ ಕಾಲು, ಒಂದೊಂದು ಬೆರಳಿನ ಸಂದಿ ಬಿಡಿಸಿ. ರಕ್ತ ಕುಡಿದು ಊದಿದ ಉಣ್ಣಿ ಕೈಗೆ ಔಡಲ ಬೀಜ ಸಿಕ್ಕ ಹಾಗೆ ಸಿಗುತ್ತದೆ. ಚಿಮಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ನೇರ ಎಳೆಯಬೇಕು, ತಿರುಚಬಾರದು. ಬೆರಳಲ್ಲಿ ಹಿಸುಕಬಾರದು. ಕಿತ್ತದ್ದನ್ನು ಸ್ಪಿರಿಟ್ ಇರುವ ಬಾಟಲಿಗೆ ಹಾಕುತ್ತೇನೆ. ಮಳೆಗಾಲದಲ್ಲಿ ನವಲಗುಂದ ರೋಡಿನ ಹೊಲಕ್ಕೆ ಕರೆದುಕೊಂಡು ಹೋಗಿ ಬಂದರೆ ಬೆರಳ ಸಂದಿಯಲ್ಲಿ ಎರೆಮಣ್ಣು ಒಣಗಿ ಕಲ್ಲಾಗಿರುತ್ತದೆ. ಅದನ್ನು ಕೀಳಬಾರದು, ಬೆಚ್ಚಗಿನ ನೀರಲ್ಲಿ ಕಾಲು ಅದ್ದಿ ಕರಗಿಸಬೇಕು. ಅದರಡಿಯಲ್ಲೇ ಎಷ್ಟೋ ಸಲ ಮುಳ್ಳು, ಗಾಯ ಸಿಗುತ್ತವೆ.

ಈ ಕೈಯಾಟದಲ್ಲೇ ಬಿಜಲಿಯ ಜ್ವರ ಸಿಕ್ಕಿದ್ದು. ಆ ದಿನ ಹಾಲಲ್ಲಿ ನೆನೆಸಿದ ರೊಟ್ಟಿಯನ್ನು ಮೂಸಿ ಬಿಟ್ಟಳು. ತುಟಿ ಎತ್ತಿ ನೋಡಿದೆ. ದಿನಾ ಗುಲಾಬಿ ಬಣ್ಣಕ್ಕಿರುವ ಒಸಡು ಬಿಳಚಿಕೊಂಡಿತ್ತು. ಥರ್ಮಾಮೀಟರ್ ತುದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಗುದದ್ವಾರದಲ್ಲಿಟ್ಟು ನೋಡಿದರೆ 104 ಡಿಗ್ರಿ. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ಮಾಮೂಲಿ, ನಮ್ಮ ಲೆಕ್ಕದಲ್ಲಿ ನೋಡಿ ಗಾಬರಿ ಬೀಳಬಾರದು. 104 ಮಾತ್ರ ಮಾಮೂಲಿ ಅಲ್ಲ. ಮೂಗು ಒಣಗಿದೆಯೋ ಹಸಿ ಇದೆಯೋ ನೋಡಿ ಜ್ವರ ಹೇಳುವವರ ಮಾತು ನಾನು ನಂಬುವುದಿಲ್ಲ.

ಪ್ಯಾರಾಸಿಟಮಾಲ್ ಕೊಡಲಿಲ್ಲ. ಮನುಷ್ಯರ ಜ್ವರದ, ನೋವಿನ ಮಾತ್ರೆ ನಾಯಿಯ ಲಿವರ್, ಕಿಡ್ನಿ, ಹೊಟ್ಟೆ ಕೆಡಿಸಬಲ್ಲವು. ಬೆಳಿಗ್ಗೆ ನೇರ ಆಸ್ಪತ್ರೆಗೆ ಹೋದೆವು. ರಕ್ತ ಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ತೀರಾ ಇಳಿದಿದ್ದವು. ಎರ್ಲಿಕಿಯಾ, ಉಣ್ಣಿಯಿಂದ ಬರುವ ಜ್ವರ. ಇದು ಮುಂದುವರಿದರೆ ಮೂಗಿನಿಂದ ರಕ್ತ ಬರುವುದೂ ಉಂಟು. ಉಣ್ಣಿಯಿಂದಲೇ ಬರುವ ಇನ್ನೊಂದು ಜ್ವರ ಬಬೇಸಿಯಾ. ಅದರಲ್ಲಿ ಕೆಂಪು ರಕ್ತಕಣ ಒಡೆದು ಉಚ್ಚೆ ಕಪ್ಪು ಚಹಾದ ಬಣ್ಣಕ್ಕೆ ತಿರುಗಬಹುದು. ಎರಡಕ್ಕೂ ಔಷಧ ಬೇರೆ ಬೇರೆ, ಅದಕ್ಕೇ ರಕ್ತ ಪರೀಕ್ಷೆ ಮಾಡಿಸಬೇಕು. ಬಿಜಲಿಗೆ ಡಾಕ್ಸಿಸೈಕ್ಲಿನ್ ಬರೆದರು, 28 ದಿನ. ಕೆಲವೇ ದಿನಕ್ಕೆ ಅವಳು ಬೆಕ್ಕಿನ ಹಿಂದೆ ಓಡತೊಡಗಿದಳು. ಎಷ್ಟೋ ಜನ ಮಾತ್ರೆ ನಿಲ್ಲಿಸುವುದು ಇಲ್ಲೇ. ನಾವು ಊಟದ ಜೊತೆ ಕೊಟ್ಟು ಪೂರ್ತಿ ಕೋರ್ಸ್ ಮುಗಿಸಿದೆವು. ಖಾಲಿ ಹೊಟ್ಟೆಗೆ ಕೊಟ್ಟರೆ ವಾಂತಿ ಆಗಬಹುದು.

ಆಸ್ಪತ್ರೆಗೆ ಹೋಗುವ ಮೊದಲು ನಾನು ಮೊಬೈಲಲ್ಲಿ ವಿಡಿಯೋ ಮಾಡಿಕೊಳ್ಳುತ್ತೇನೆ. ಮನೆಯಲ್ಲಿ ಕುಂಟುವ ನಾಯಿ ಆಸ್ಪತ್ರೆ ಟೇಬಲ್ ಮೇಲೆ ಹೆದರಿ ಸೆಟೆದು ನಿಲ್ಲುತ್ತದೆ, ಡಾಕ್ಟರಿಗೆ ಏನೂ ಕಾಣುವುದಿಲ್ಲ. ವಾಂತಿಯ ಫೋಟೋ, ಸಣ್ಣ ಡಬ್ಬಿಯಲ್ಲಿ ಆವತ್ತಿನ ಕಕ್ಕ, ಹಿಂದೆ ಕೊಟ್ಟ ಮಾತ್ರೆಯ ಖಾಲಿ ಪಟ್ಟಿ, ಲಸಿಕೆ ಕಾರ್ಡು, ಇವೆಲ್ಲ ಒಂದು ಚೀಲದಲ್ಲಿ. ಸರ್ಕಾರಿ ಪಶು ಆಸ್ಪತ್ರೆಯಲ್ಲಿ ಎಮ್ಮೆ, ಆಡು ಎಲ್ಲ ಬಂದಿರುತ್ತವೆ. ಎಮ್ಮೆ ಕಂಡರೆ ಕರಿಯನಿಗೆ ಮೈಮೇಲೆ ದೇವರು ಬರುತ್ತದೆ. ಪಾಳಿ ಬರುವವರೆಗೆ ಅವನು ಆಟೋದಲ್ಲೇ. ಗದಗ ಕಡೆಯವರಿಗೆ ಅಲ್ಲಿನ ಪಶುವೈದ್ಯಕೀಯ ಕಾಲೇಜೂ ಇದೆ.

ಮುಧೋಳ ನಾಯಿ ಸಾಕುವವರಿಗೆ ಒಂದು ಮಾತು. ಇದು ನಮ್ಮ ಉತ್ತರ ಕರ್ನಾಟಕದ್ದೇ ಆದ ಬಾಗಲಕೋಟೆ ಜಿಲ್ಲೆಯ ತಳಿ, 2005ರಲ್ಲಿ ಅಂಚೆಚೀಟಿ ಮೇಲೂ ಬಂದಿದೆ. ಆರೋಗ್ಯವಾಗಿದ್ದರೂ ಪಕ್ಕೆಲುಬು ಒಂದಷ್ಟು ಕಾಣುತ್ತವೆ. "ಊಟಾ ಹಾಕಂಗಿಲ್ಲೇನ್ರೀ ಇದಕ್ಕ?" ಅಂತ ಕೇಳುವ ಮಂದಿಗೆ ನಾನು ಈಗ ಉತ್ತರವನ್ನೇ ಕೊಡುವುದಿಲ್ಲ. ಮೈಯಲ್ಲಿ ಕೊಬ್ಬು ಕಡಿಮೆ ಇರುವುದರಿಂದ ಇಂಥ ಬೇಟೆ ತಳಿಗಳಿಗೆ ಕೆಲವು ಅರಿವಳಿಕೆ ಮದ್ದಿನಿಂದ ಎಚ್ಚರ ಆಗುವುದು ತಡ. ಬಿಜಲಿಗೆ ಮರಿ ಆಗದ ಆಪರೇಶನ್ ಮಾಡಿಸುವಾಗ ಡಾಕ್ಟರ್ ಜೊತೆ ಮೊದಲು ಮಾತಾಡಿದ್ದೇ ಇದನ್ನು. ಆಪರೇಶನ್ ಮಾಡಿಸಿದ್ದು ಬರೀ ಮರಿ ಬೇಡ ಅಂತಲ್ಲ. ಆಪರೇಶನ್ ಆಗದ ಹೆಣ್ಣು ನಾಯಿಗೆ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವ ಭಯ ಇರುತ್ತದೆ. ಬೆದೆ ಮುಗಿದ ಕೆಲವು ವಾರಗಳಲ್ಲಿ ಸುಮ್ನೆ ನೀರು ಕುಡಿಯುತ್ತಲೇ ಇದ್ದರೆ, ಊಟ ಬಿಟ್ಟರೆ, ಆವತ್ತೇ ಆಸ್ಪತ್ರೆಗೆ ಓಡಬೇಕು.

ಊಟದ ವಿಷಯದಲ್ಲಿ ನಮ್ಮ ಮನೆಯ ಕಾಯ್ದೆ ಒಂದೇ: ಉಳ್ಳಾಗಡ್ಡಿ ಹಾಕಿ ಕಲಸಿದ ಚುರುಮುರಿ, ಅಂದರೆ ಗಿರ್ಮಿಟ್ ಪೊಟ್ಟಣ ನಾಯಿಯಿಂದ ದೂರ. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಯ ರಕ್ತ ಕೆಡಿಸುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿಗೆ ಕೆಟ್ಟದ್ದು. ಹಬ್ಬದ ದಿನ ಒಣದ್ರಾಕ್ಷಿ ಹಾಕಿದ ಶಿರಾ ಬಟ್ಟಲು ನೆಕ್ಕಿಸಲು ಮಕ್ಕಳು ಓಡಿ ಬರುತ್ತವೆ, ಹುಷಾರು.

ಮರಿ ತಂದವರು ಒಂದು ಇಂಜೆಕ್ಷನ್ ಹಾಕಿಸಿ ಬೀದಿಗೆ ಬಿಡಬೇಡಿ. ತಾಯಿ ಹಾಲಿನಿಂದ ಬಂದ ರಕ್ಷಣೆ ಇರುವಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ. ಅದಕ್ಕೇ ಮರಿಗಳ ಜೀವ ತೆಗೆಯುವ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಲಸಿಕೆಯನ್ನು 6-8 ವಾರಕ್ಕೆ ಶುರು ಮಾಡಿ, 3-4 ವಾರಕ್ಕೊಮ್ಮೆ, 16 ವಾರ ಆಗುವವರೆಗೆ ಹಾಕಿಸುವುದು. ಪಾರ್ವೊ ಬಂದು ಮರಿ ಸತ್ತ ಮನೆಯಲ್ಲಿ ಆ ವೈರಸ್ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಮುಗಿಯದ ಇನ್ನೊಂದು ಮರಿಯನ್ನು ಅಲ್ಲಿಗೆ ತರಬಾರದು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರ್ ಹೇಳಿದಂತೆ ಬೂಸ್ಟರ್, ವರ್ಷ ವರ್ಷ ತಪ್ಪದೆ.

ಕರಿಯನ ಹಲ್ಲು ಆಟದಲ್ಲಿ ಪಕ್ಕದ ಮನೆ ಹುಡುಗನ ಕೈಗೆ ತಾಗಿ ಗೀರಾಗಿ ಸ್ವಲ್ಪ ರಕ್ತ ಬಂತು. ಕರಿಯನಿಗೆ ರೇಬೀಸ್ ಲಸಿಕೆ ಆಗಿತ್ತು, ಕಾರ್ಡೂ ಇತ್ತು. ಆದರೂ ಹುಡುಗನ ಕೈಯನ್ನು ನಳದ ಕೆಳಗೆ ಹಿಡಿದು ಸೋಪು ಹಚ್ಚಿ 15 ನಿಮಿಷ ತೊಳೆದೆ. ಅರಿಶಿನ ಹಚ್ಚಲು ಬಂದ ಅವನ ಅಜ್ಜಿಯನ್ನು ತಡೆದೆ. ಕಾರ್ಡು ಹಿಡಿದು ಅವರ ಜೊತೆ ನಾನೇ ಆಸ್ಪತ್ರೆಗೆ ಹೋದೆ. ಇಂಜೆಕ್ಷನ್ ಬೇಕೋ ಬೇಡವೋ ಅಂತ ಡಾಕ್ಟರೇ ಹೇಳಲಿ ಅಂತ.